ಹೊಸ ಬಂದೂಕು ಮಾತು ಕೇಳುವುದು ಯಾವಾಗ?

ಹೊಸ ಕಾವಲಿಯ ಮೇಲೆ ಮೊದಲ ದೋಸೆ ನೆಟ್ಟಗೆ ಎದ್ದದ್ದನ್ನು ಯಾರಾದರೂ ಕಂಡಿದ್ದೀರಾ? ನಮ್ಮ ಮನೆಯಲ್ಲಂತೂ ಇಲ್ಲ. ಎಣ್ಣೆ ಸವರಿ, ಈರುಳ್ಳಿ ಉಜ್ಜಿ, ನಾಲ್ಕು ದೋಸೆ ಹರಿದು ಹಾಳಾದ ಮೇಲೆಯೇ ಅದು ಪಳಗುವುದು. ಸ್ಪ್ರಿಂಗ್ ಏರ್‌ಗನ್ನೂ ಹಾಗೆಯೇ ಅಂದರೆ ನಗಬೇಡಿ. ಈ ಪಳಗುವಿಕೆಯ ಹಿಂದೆ ನೂರಕ್ಕೂ ಹೆಚ್ಚು ವರ್ಷಗಳ ಚರಿತ್ರೆ ಇದೆ. ಇವತ್ತು ಅದನ್ನೇ ಸ್ವಲ್ಪ ಹೇಳೋಣ ಅಂತ.

ವಿಶಾಖಪಟ್ಟಣಕ್ಕೆ ಬಂದ ನಮ್ಮವರು ಸಂಜೆ ರಾಮಕೃಷ್ಣ ಬೀಚಿಗೆ ಹೋದರೆ ಬಲೂನು ಹೊಡೆಯದೆ ವಾಪಸ್ಸು ಬರುವುದು ಕಡಿಮೆ. ಹೊಡೆದದ್ದು ತಪ್ಪಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಇವನು ನಳಿಗೆ ಬಗ್ಗಿಸಿ ಇಟ್ಟಿದ್ದಾನೆ ಕಣ್ರೀ!" ಒಬ್ಬ ಮುದುಕ ಅಂಗಡಿಯವನನ್ನು ನಾನು ಇದನ್ನೇ ಕೇಳಿದ್ದೆ. ಅವನು ನಕ್ಕು ತೆಲುಗಿನಲ್ಲಿ ಹೇಳಿದ್ದು ಇಷ್ಟು: ಹಳೆ ಬಂದೂಕಿಗೆ ಮುಪ್ಪು, ಹೊಸ ಬಂದೂಕಿಗೆ ಮೊಂಡುತನ, ನಡುವಿನದು ಮಾತ್ರ ಮಾತು ಕೇಳುತ್ತದೆ. ಸ್ಪ್ರಿಂಗ್ ಸೋತು, ನಳಿಗೆ ಮಡಚುವ ಕೀಲು ಸವೆದರೆ ಗುರಿ ತಪ್ಪುತ್ತದೆ, ಅದು ಮುಪ್ಪು. ಮೊಂಡುತನ ಅಂದರೇನು? ಅದಕ್ಕೆ ಚರಿತ್ರೆಗೆ ಹೋಗಬೇಕು.

ಗಾಳಿಯಿಂದ ಗುಂಡು ಹೊಡೆಯುವುದು ಹೊಸದಲ್ಲ. 1780ರ ಸುಮಾರಿಗೇ ಆಸ್ಟ್ರಿಯಾದ ಸೈನ್ಯ ಜಿರಾರ್ಡೋನಿ ಎಂಬಾತ ರೂಪಿಸಿದ ಗಾಳಿ ಬಂದೂಕನ್ನು ಬಳಸುತ್ತಿತ್ತು. ಆದರೆ ಅದರಲ್ಲಿ ಪಂಪು ಹೊಡೆದು ಗಾಳಿಯನ್ನು ಮೊದಲೇ ತುಂಬಿಡಬೇಕಿತ್ತು. ಜನಸಾಮಾನ್ಯರ ಕೈಗೆ ಬಂದದ್ದು ಸ್ಪ್ರಿಂಗ್ ಬಂದೂಕು. 1904ರಲ್ಲಿ ಬರ್ಮಿಂಗ್‌ಹ್ಯಾಮಿನ ಲಿಂಕನ್ ಜೆಫ್ರೀಸ್ ಒಂದು ಮಾದರಿಗೆ ಪೇಟೆಂಟ್ ಪಡೆದ. ನಳಿಗೆಯನ್ನು ಮಡಚದೆ, ಕೆಳಗಿನ ಸನ್ನೆಕೋಲಿನಿಂದ ಸ್ಪ್ರಿಂಗ್ ಒತ್ತುವ ಮಾದರಿ ಅದು. 1905ರಿಂದ ಅದನ್ನು ತಯಾರಿಸಿದ್ದು ಬಿ.ಎಸ್.ಎ. ಕಂಪನಿ. ಹೌದು, ನಮ್ಮ ಕಾಲದ ಹುಡುಗರು ಕನಸು ಕಂಡ ಸೈಕಲ್ಲಿನ ಮೇಲಿದ್ದ ಅದೇ ಹೆಸರು! ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಅನ್ನುವುದು ಅದರ ಪೂರ್ಣ ಹೆಸರು. ಬಂದೂಕಿನಿಂದ ಶುರುವಾಗಿ ಸೈಕಲ್ಲಿಗೆ ಬಂದ ಕಂಪನಿ ಅದು. ಅಲ್ಲಿನ ಕಾರ್ಮಿಕರು ಸಂಜೆ ಪಬ್ಬುಗಳಲ್ಲಿ ಉಕ್ಕಿನ ತಗಡಿನ ಸಣ್ಣ ತೂತಿಗೆ ಗುರಿಯಿಟ್ಟು, ಹಿಂದಿನ ಗಂಟೆ ಬಾರಿಸುವ ಪಂದ್ಯ ಆಡುತ್ತಿದ್ದರು. ಆ ತೂತು ಒಂದು ಇಂಚಿನ ಅರ್ಧದಷ್ಟೂ ಇರಲಿಲ್ಲ.

ಈಗ ಒಳಗೆ ಏನಾಗುತ್ತದೆ ನೋಡಿ. ಒತ್ತಿಟ್ಟ ಸ್ಪ್ರಿಂಗ್ ಬಿಟ್ಟ ಕೂಡಲೇ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಬಂದೂಕು ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ಕೊನೆ ಮುಟ್ಟಿ ನಿಂತಾಗ ಬಂದೂಕು ಮುಂದಕ್ಕೆ ಜಗ್ಗುತ್ತದೆ. ಗುಂಡು ನಳಿಗೆ ಬಿಡುವ ಮೊದಲೇ ಈ ಕುಣಿತ ಶುರುವಾಗಿರುತ್ತದೆ. ಹೀಗಾಗಿ ಕುಣಿತ ಪ್ರತಿಸಲ ಒಂದೇ ಥರ ಇದ್ದರೆ ಮಾತ್ರ ಗುಂಡು ಒಂದೇ ಕಡೆ ಬೀಳುತ್ತದೆ.

ಹೊಸ ಬಂದೂಕಿನಲ್ಲಿ ಅದು ಒಂದೇ ಥರ ಇರುವುದಿಲ್ಲ. ಕಾರ್ಖಾನೆಯ ಎಣ್ಣೆ, ಗ್ರೀಸು ಒಳಗೆ ಉಳಿದಿರುತ್ತವೆ. ಗಾಳಿ ಒತ್ತಿದಾಗ ಬಿಸಿಯಾಗಿ ಆ ಎಣ್ಣೆಗೆ ಬೆಂಕಿ ಹತ್ತುತ್ತದೆ, ಥೇಟ್ ಡೀಸೆಲ್ ಎಂಜಿನ್ನಿನ ಹಾಗೆ. ಹೊಗೆ ಬರುತ್ತದೆ, ಒಮ್ಮೊಮ್ಮೆ ಢಮ್ ಅನ್ನುತ್ತದೆ, ವೇಗ ಏರುಪೇರಾಗುತ್ತದೆ. ಇಂಗ್ಲೆಂಡಿನ ಇಬ್ಬರು ಕಾರ್ಡ್ಯೂಗಳು ಗಾಳಿಯ ಬದಲು ಸಾರಜನಕ ತುಂಬಿ ಹೊಡೆದು ನೋಡಿದರು. ವೇಗ ಇಳಿಯಿತು! ಅಂದರೆ ಸ್ಪ್ರಿಂಗ್ ಬಂದೂಕಿನ ಬಲದಲ್ಲಿ ಸುಡುವ ಎಣ್ಣೆಯ ಪಾಲೂ ಇದೆ ಅಂತಾಯಿತು. ಇದರ ಜೊತೆಗೆ ಹೊಸ ಸ್ಪ್ರಿಂಗ್ ತುಸು ಕುಗ್ಗಿ ತನ್ನ ಅಳತೆಗೆ ಬರಬೇಕು, ಪಿಸ್ಟನ್ನಿನ ವಾಷರ್ ಸಿಲಿಂಡರಿಗೆ ಒಗ್ಗಬೇಕು, ಮರದ ಹಿಡಿಯ ಸ್ಕ್ರೂಗಳು ಅಲುಗಾಡದೆ ನಿಲ್ಲಬೇಕು. ಇವೆಲ್ಲ ಹೊಂದಿಕೊಳ್ಳಲು ಕೆಲವು ನೂರು ಗುಂಡಾದರೂ ಬೇಕು.

2012ರಲ್ಲಿ ನಾನು ವಿಜಯವಾಡದಲ್ಲಿದ್ದೆ. ಹೈದರಾಬಾದಿನಲ್ಲಿ ಬೆಳೆದ ಗಗನ್ ನಾರಂಗ್ ಲಂಡನ್ ಒಲಿಂಪಿಕ್ಸಿನ ಹತ್ತು ಮೀಟರ್ ಏರ್ ರೈಫಲ್ಲಿನಲ್ಲಿ ಕಂಚು ಗೆದ್ದಿದ್ದ ವರ್ಷ. ನಮ್ಮ ಶಾಖೆಯಲ್ಲಿ ಬಳ್ಳಾರಿ ಕಡೆಯ ಗುಮಾಸ್ತರೊಬ್ಬರಿದ್ದರು. ಅವರ ಮಗಳು ಹಟ ಹಿಡಿದು ನಮ್ಮ ದೇಶದಲ್ಲೇ ತಯಾರಾದ ಸ್ಪ್ರಿಂಗ್ ರೈಫಲ್ ಒಂದನ್ನು ಕೊಡಿಸಿಕೊಂಡಿದ್ದಳು. ಒಂದು ವಾರ ಕಳೆಯುವುದರಲ್ಲಿ ಮೂಲೆಯಲ್ಲಿಟ್ಟಳು. "ಸರ್, ಅವಳು ಊಟಾನೂ ಸರಿಯಾಗಿ ಮಾಡ್ತಿಲ್ಲ" ಅಂದರು ಅಪ್ಪ. ಹೋಗಿ ಕೇಳಿದರೆ ಹುಡುಗಿ ಹೇಳಿದ್ದು, "ಬಂದೂಕು ಚೆನ್ನಾಗಿದೆ ಅಂಕಲ್, ನನ್ನ ಕೈಯೇ ಸರಿ ಇಲ್ಲ."

ಹದಿಮೂರು ವರ್ಷದ ಮಗು ಆಡುವ ಮಾತೇ ಇದು? ಗುರಿ ಹಾಳೆ ನೋಡಿದೆ. ಐದು ಗುಂಡು ಅಂಗೈ ಅಗಲಕ್ಕೆ ಚೆಲ್ಲಿದ್ದವು, ಮೇಲೊಂದು ಕೆಳಗೊಂದು. ಪ್ರತಿ ಗುಂಡಿಗೂ ಅವಳು ಸೈಟ್ ತಿರುಗಿಸುತ್ತಿದ್ದಳು. ಬಿ.ಕಾಂ.ನಲ್ಲಿ ಓದಿದ ಸಂಖ್ಯಾಶಾಸ್ತ್ರ ನನಗೆ ಕೆಲಸಕ್ಕೆ ಬಂದದ್ದು ಅಂದೇ ಇರಬೇಕು. ಸರಾಸರಿ ಬೇರೆ, ಚದುರುವಿಕೆ ಬೇರೆ ಅಂತ ವಿವರಿಸಿದೆ. ಸೈಟ್ ತಿರುಗಿಸಿದರೆ ಸರಾಸರಿ ಸರಿಯುತ್ತದೆ, ಚದುರುವಿಕೆ ಕಡಿಮೆಯಾಗುವುದಿಲ್ಲ. ಬಂದೂಕು ಪಳಗುವ ತನಕ ಸೈಟ್ ಮುಟ್ಟಬೇಡ ಅಂದೆ.

ಆಮೇಲೆ ಮಾಡಿದ್ದು ಇಷ್ಟೇ. ನಳಿಗೆಯನ್ನು ಬಟ್ಟೆಯಿಂದ ಒರೆಸಿದೆವು. ಸ್ಕ್ರೂ ಬಿಗಿ ಮಾಡಿದೆವು. ಸಿಲಿಂಡರಿಗೆ ಒಂದು ತೊಟ್ಟೂ ಎಣ್ಣೆ ಬಿಡಲಿಲ್ಲ. ಹಳೆಯ ಚರ್ಮದ ವಾಷರ್ ಆದರೆ ಎಣ್ಣೆ ಕೇಳುತ್ತದೆ, ಈಗಿನ ಪ್ಲಾಸ್ಟಿಕ್ಕಿನದಕ್ಕೆ ಬೇಡ. ಒಂದೇ ಬಗೆಯ ಪೆಲೆಟ್, ಹಿಂದೆ ಮರಳು ತುಂಬಿದ ಪೆಟ್ಟಿಗೆ, ಪಕ್ಕದಲ್ಲಿ ದೊಡ್ಡವರೊಬ್ಬರು. ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯುವಂತಿಲ್ಲ, ಪಿಸ್ಟನ್ ಖಾಲಿ ಬಡಿದು ಹಾಳಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಬಂದೂಕನ್ನು ಅದುಮಿ ಹಿಡಿಯದೆ ಅಂಗೈ ಮೇಲೆ ಸುಮ್ಮನೆ ಕೂರಿಸುವುದು, ಕುಣಿಯುವುದನ್ನು ಕುಣಿಯಲು ಬಿಡುವುದು. ಅವಳು ಪ್ರತಿದಿನ ಐದು ಗುಂಡಿನ ಹಾಳೆಗೆ ತಾರೀಖು ಬರೆದು ಫೈಲ್ ಮಾಡಿದಳು. ಹೊಗೆ ನಿಂತಿತು. ಸದ್ದು ಮೆತ್ತಗಾಯಿತು. ಎರಡನೇ ಡಬ್ಬಿ ಪೆಲೆಟ್ ಮುಗಿಯುವಾಗ ಐದು ಗುಂಡೂ ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದಿದ್ದವು. ಆಮೇಲೆ ಸೈಟ್ ತಿರುಗಿಸಿದಳು, ಒಂದೇ ಒಂದು ಸಲ.

ಅಂದ ಹಾಗೆ ಈ ಕುಣಿತವನ್ನೇ ನಿಲ್ಲಿಸಿದವರೂ ಇದ್ದಾರೆ. ಜರ್ಮನಿಯ ಫೈನ್‌ವೆರ್ಕ್‌ಬೌ ಕಂಪನಿ 1960ರ ದಶಕದಲ್ಲಿ, ಹೊಡೆದಾಗ ಒಳಗಿನ ಯಂತ್ರಭಾಗವೇ ಹಳಿಯ ಮೇಲೆ ಹಿಂದಕ್ಕೆ ಜಾರುವಂಥ ಸ್ಪ್ರಿಂಗ್ ರೈಫಲ್ ಮಾಡಿತು. ಒದೆತ ಭುಜಕ್ಕೆ ಬರುವುದೇ ಇಲ್ಲ. 1984ರಲ್ಲಿ ಏರ್ ರೈಫಲ್ ಒಲಿಂಪಿಕ್ಸಿಗೆ ಬಂತು. ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್! ಆಮೇಲೆ ಪಂದ್ಯದ ಮಟ್ಟದಲ್ಲಿ ಗಾಳಿ ತುಂಬಿಟ್ಟ ರೈಫಲ್ಲುಗಳು ಸ್ಪ್ರಿಂಗನ್ನು ಬದಿಗೆ ಸರಿಸಿದವು. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಹೊತ್ತಿಗೆ ಆ ಕಾಲ ಮುಗಿದಿತ್ತು. ಜಿರಾರ್ಡೋನಿಯ ಉಪಾಯವೇ ತಿರುಗಿ ಬಂದಂತಾಯಿತು. ಆದರೆ ಬಡವರ, ಮಧ್ಯಮ ವರ್ಗದವರ ಮೊದಲ ಬಂದೂಕು ಇಂದಿಗೂ ಸ್ಪ್ರಿಂಗಿನದೇ.

ಜರ್ಮನಿಯ ಇನ್ನೊಂದು ಹಳೆಯ ಕಂಪನಿ ಡಯಾನಾ. ಬೇಟೆಯ ದೇವತೆ ಬಿಲ್ಲನ್ನು ಬಿಸಾಡಿ ಏರ್‌ಗನ್ ಎತ್ತಿ ಹಿಡಿದಿರುವುದು ಅದರ ಲಾಂಛನ. ವಿಜಯವಾಡದ ಇಂದ್ರಕೀಲಾದ್ರಿ ನೋಡುವಾಗಲೆಲ್ಲ ನನಗೆ ಅದು ನೆನಪಾಗುತ್ತಿತ್ತು. ಅರ್ಜುನ ಪಾಶುಪತಾಸ್ತ್ರಕ್ಕೆ ತಪಸ್ಸು ಮಾಡಿದ್ದು ಅಲ್ಲೇ ಅಂತ ಇಲ್ಲಿನವರ ನಂಬಿಕೆ. ಅರ್ಜುನನನ್ನು ನಾಯಕನನ್ನಾಗಿ ಮಾಡಿಕೊಂಡ ನಮ್ಮ ಪಂಪನ ಹಿರಿಯರೂ ಈ ವೆಂಗಿ ನಾಡಿನವರೇ. ಅಸ್ತ್ರಕ್ಕಿಂತ ಮೊದಲು ತಪಸ್ಸು ಅನ್ನುವುದು ಕಥೆಯ ತಿರುಳು ತಾನೇ?

ಒಂದು ಎಚ್ಚರಿಕೆ. ಇದು ಆಟಿಕೆ ಅಲ್ಲ. ಕಣ್ಣು ತೆಗೆಯುತ್ತದೆ, ಹಕ್ಕಿ ಕೊಲ್ಲುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್ ಶಕ್ತಿ ಅಥವಾ 4.5 ಮಿಲಿಮೀಟರ್ ವ್ಯಾಸ ಮೀರಿದ ಏರ್‌ಗನ್ನಿಗೆ ಲೈಸೆನ್ಸ್ ಬೇಕು.

ಆ ಹುಡುಗಿ ಚಾಂಪಿಯನ್ ಆದಳಾ ಅಂತ ಕೇಳುತ್ತೀರಿ. ಇಲ್ಲ, ಓದಿನ ಕಡೆ ಹೋದಳು, ಈಗ ಕೆಲಸದಲ್ಲಿದ್ದಾಳೆ. ಆದರೆ "ನನ್ನ ಕೈಯೇ ಸರಿ ಇಲ್ಲ" ಅನ್ನುವ ಮಾತು ಅವಳ ಬಾಯಲ್ಲಿ ಮತ್ತೆ ಕೇಳಲಿಲ್ಲ. ಬ್ಯಾಂಕಿನಲ್ಲಿ ಹೊಸಬರಿಗೆ ಪ್ರೊಬೇಷನ್ ಅಂತ ಇಡುತ್ತೇವೆ. ಮೊದಲ ತಿಂಗಳ ತಪ್ಪು ನೋಡಿ ಯಾರನ್ನೂ ಮನೆಗೆ ಕಳಿಸುವುದಿಲ್ಲ. ಮಕ್ಕಳಿಗೆ ಮಾತ್ರ ಐದೇ ಗುಂಡಿನಲ್ಲಿ ತೀರ್ಪು ಕೊಟ್ಟುಬಿಡುತ್ತೇವಲ್ಲ, ಅದ್ಯಾವ ನ್ಯಾಯ ಹೇಳಿ?