ಹಿಂದಿನ ರಾತ್ರಿಯ ಮಾತು

ಅಪ್ಪನ ಹರ್ನಿಯಾ ಆಪರೇಷನ್ನಿನ ಹಿಂದಿನ ರಾತ್ರಿ. ವಾರ್ಡಿನಲ್ಲಿ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಎಚ್ಚರ ಆದ್ಮೇಲೆ ಎಷ್ಟು ನೋಯುತ್ತೋ ಮಗಾ?" ನಾನು "ಏನೂ ಆಗಲ್ಲ, ಸುಮ್ನೆ ಮಲ್ಕೋ" ಅಂದೆ. ಆಮೇಲೆ ನಿದ್ದೆ ಬರದೆ ಮೊಬೈಲಿನಲ್ಲಿ ಓದುತ್ತಾ ಕೂತವನಿಗೆ ಗೊತ್ತಾಯ್ತು, ಇದು 1964ರಲ್ಲೇ ಸೋತ ಉತ್ತರ.

ಕಥೆ ಶುರುವಾಗೋದು ಎರಡನೇ ಮಹಾಯುದ್ಧದಲ್ಲಿ. ಅಮೆರಿಕದ ಅರಿವಳಿಕೆ ವೈದ್ಯ ಹೆನ್ರಿ ಬೀಚರ್ ಇಟಲಿಯ ರಣರಂಗದಲ್ಲಿ ಒಂದು ವಿಚಿತ್ರ ಕಂಡರು: ದೊಡ್ಡ ಗಾಯವಾದ ಎಷ್ಟೋ ಸೈನಿಕರು ಮಾರ್ಫಿನ್ ಬೇಡ ಅನ್ನುತ್ತಿದ್ದರು. ಊರಿಗೆ ಮರಳಿದ ಮೇಲೆ ಆಪರೇಷನ್ ಆದ ಸಾಮಾನ್ಯ ಜನರ ಜೊತೆ ಹೋಲಿಸಿ ನೋಡಿದರು. 1956ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ನೋವಿನ ಮದ್ದು ಬೇಕು ಅಂದ ಸೈನಿಕರು ಶೇ. 32, ನಾಗರಿಕರು ಶೇ. 83. ಸೈನಿಕನಿಗೆ ಗಾಯ ಅಂದ್ರೆ ಜೀವ ಉಳಿಸಿಕೊಂಡು ಮನೆಗೆ ಹೋಗೋ ದಾರಿ. ನಾಗರಿಕನಿಗೆ ಆಪರೇಷನ್ ಅಂದ್ರೆ ಬದುಕಿಗೆ ಬಂದ ಕುತ್ತು. ಬೀಚರ್ ಕೊಟ್ಟ ವಿವರಣೆ ಇಷ್ಟೇ.

1958ರಲ್ಲಿ ಮನಶ್ಶಾಸ್ತ್ರಜ್ಞ ಇರ್ವಿಂಗ್ ಜಾನಿಸ್, ಆಪರೇಷನ್‌ಗೆ ಮುಂಚೆ ಸ್ವಲ್ಪ ಹೆದರಿದವರೇ ಆಮೇಲೆ ಚೆನ್ನಾಗಿ ತಡೆದುಕೊಳ್ಳುತ್ತಾರೆ ಅಂದರು. ಒಂಚೂರೂ ಹೆದರದವರು ಆಮೇಲೆ ಸಿಡುಕುತ್ತಾರಂತೆ. ನಂತರದ ಅನೇಕ ಅಧ್ಯಯನಗಳು ಇದನ್ನು ಒಪ್ಪಲಿಲ್ಲ. ಆತಂಕ ಹೆಚ್ಚಿದಷ್ಟೂ ನೋವು ಹೆಚ್ಚು ಅಂದವು.

ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ 1964ರ ಪ್ರಯೋಗ. ಬೀಚರ್ ಇದ್ದ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲೇ ಲಾರೆನ್ಸ್ ಎಗ್ಬರ್ಟ್ ಮತ್ತು ಸಂಗಡಿಗರು ಹೊಟ್ಟೆ ಆಪರೇಷನ್‌ಗೆ ಬಂದ 97 ಜನರನ್ನು ಎರಡು ಗುಂಪು ಮಾಡಿದರು. ನಮ್ಮ ಆಫೀಸಿನ ಎ/ಬಿ ಟೆಸ್ಟ್ ಥರಾನೇ. ಒಂದು ಗುಂಪಿಗೆ ನೋವಿನ ಬಗ್ಗೆ ಏನೂ ಹೇಳಲಿಲ್ಲ. ಇನ್ನೊಂದು ಗುಂಪಿನವರ ಹತ್ತಿರ ಅರಿವಳಿಕೆ ವೈದ್ಯರು ಹಿಂದಿನ ರಾತ್ರಿ ಕೂತು ಬಿಡಿಸಿ ಹೇಳಿದರು: ನೋಯುತ್ತೆ, ಇಂಥ ಕಡೆ ನೋಯುತ್ತೆ, ಸ್ನಾಯು ಬಿಗಿ ಹಿಡಿಯೋದರಿಂದ ನೋಯುತ್ತೆ, ಹೀಗೆ ಉಸಿರಾಡಿ, ಹೀಗೆ ಮಗ್ಗಲು ಬದಲಿಸಿ, ಸಾಲದಿದ್ರೆ ಮದ್ದು ಕೇಳಿ. ಯಾರು ಯಾವ ಗುಂಪು ಅಂತ ಸರ್ಜನ್‌ಗಳಿಗೆ ಗೊತ್ತಿರಲಿಲ್ಲ. ಮಾತು ಕೇಳಿದವರಿಗೆ ಸುಮಾರು ಅರ್ಧದಷ್ಟು ಮಾರ್ಫಿನ್ ಸಾಕಾಯ್ತು. ಸರಾಸರಿ 2.7 ದಿನ ಮುಂಚೆ ಮನೆಗೂ ಹೋದರು. ಹಲ್ಲು ಕಚ್ಚಿಕೊಂಡು ಸಹಿಸಿದರೇನೋ ಅನ್ನಬೇಡಿ. ಗುಂಪಿನ ಗುಟ್ಟು ಗೊತ್ತಿಲ್ಲದ ವೈದ್ಯರೊಬ್ಬರು ನೋಡಿದಾಗಲೂ ಇವರೇ ಹೆಚ್ಚು ಆರಾಮಾಗಿ ಕಂಡಿದ್ದರು.

ಬೆಳಗಿನ ಜಾವ ಅಪ್ಪ ಎದ್ದಾಗ ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದೆ. "ನೋಯುತ್ತಪ್ಪಾ. ಕೆಮ್ಮಿದಾಗ ಜಾಸ್ತಿ. ಕೊಯ್ದ ಕಡೆ ದಿಂಬು ಒತ್ತಿ ಹಿಡ್ಕೋ. ತಡೆಯೋಕಾಗ್ದಿದ್ರೆ ನರ್ಸ್ ಹತ್ರ ಕೇಳು, ಸಂಕೋಚ ಬೇಡ."

ಅಪ್ಪ ದಿಂಬನ್ನು ಒಮ್ಮೆ ಒತ್ತಿ ನೋಡಿದ. "ಇದನ್ನ ರಾತ್ರೀನೇ ಹೇಳೋದಲ್ವೇನೋ" ಅಂದ.