ಕೊರಲೆ: ಸಿಪ್ಪೆ, ತೌಡು ಮತ್ತು ಅಡುಗೆ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಕೊರಲೆ ಎಂಬ ಸಿರಿಧಾನ್ಯ ಇಂದಿಗೂ ಊಟದ ಧಾನ್ಯವಾಗಿ ಉಳಿದಿರುವ ಸೀಮೆ. ನೆರೆಯ ಚಿತ್ರದುರ್ಗ, ಅನಂತಪುರದ ಕಡೆಗೂ ಇದರ ಬೇಸಾಯ ಹಬ್ಬಿದೆ. ಈ ಧಾನ್ಯದ ಚರಿತ್ರೆ ಬಹಳ ಹಳೆಯದು. ಬಳ್ಳಾರಿಯ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಸಿಕ್ಕ ಸುಟ್ಟ ಕಾಳುಗಳನ್ನು ಪುರಾತತ್ತ್ವ ಸಸ್ಯವಿಜ್ಞಾನಿ ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ ಕೊರಲೆ ಅಂದಿನ ಮುಖ್ಯ ಆಹಾರಗಳಲ್ಲೊಂದಾಗಿತ್ತೆಂದು ಕಂಡುಬಂತು. ಅಂದರೆ ಸುಮಾರು 4000 ವರ್ಷಗಳ ಹಿಂದಿನ ಮಾತು. ಅಮೆರಿಕಕ್ಕೆ ಇದು 1915ರ ಸುಮಾರಿಗೆ ಭಾರತದಿಂದಲೇ ಹೋಯಿತು. ಅಲ್ಲಿ ಅದು ಹಕ್ಕಿಗಳ ಮೇವು, ದನಗಳ ಹುಲ್ಲು. ಅನ್ನವಾಗಿ ಉಣ್ಣುವವರು ನಾವು.

ಈ ಟಿಪ್ಪಣಿಯ ಪ್ರಶ್ನೆ ಚಿಕ್ಕದು. ಅದೇ ಕೊರಲೆ ಒಂದು ಮನೆಯಲ್ಲಿ ಉದುರುದುರಾಗಿ ಬೇಯುತ್ತದೆ, ಇನ್ನೊಂದರಲ್ಲಿ ಮೆತ್ತಗೆ ಅಂಟಿಕೊಳ್ಳುತ್ತದೆ, ಮತ್ತೊಂದರಲ್ಲಿ ಎಷ್ಟು ಬೆಂದರೂ ಹಲ್ಲಿಗೆ ಸಿಗುತ್ತದೆ. ಏಕೆ?

ಉತ್ತರ ಸಿಪ್ಪೆ, ತೌಡುಗಳಲ್ಲಿದೆ. ರಾಗಿಗೆ ಬಿಡಿಸಲೇಬೇಕಾದ ಗಟ್ಟಿ ಸಿಪ್ಪೆಯಿಲ್ಲ, ನೇರವಾಗಿ ಬೀಸಬಹುದು. ಕೊರಲೆ, ನವಣೆ, ಸಾಮೆ, ಹಾರಕಗಳಿಗೆ ಗಟ್ಟಿ ಹೊರಸಿಪ್ಪೆಯುಂಟು. ಅದನ್ನು ತೆಗೆಯದೆ ಉಣ್ಣಲಾಗದು. ಕೊರಲೆಯ ಸಿಪ್ಪೆ ಕಂದು, ಮೇಲೆಲ್ಲ ಸಣ್ಣ ಸುಕ್ಕು. ಒಳಗಿನ ಅಕ್ಕಿ ಚಪ್ಪಟೆ. ಬಣ್ಣ ಮಾಸಿದ ಹಸಿರು. ಆ ಹಸಿರೇ ತೌಡಿನ ಗುರುತು. ಗಿರಣಿಯಲ್ಲಿ ಪಾಲಿಶ್ ಹೆಚ್ಚಿದಷ್ಟೂ ಕಾಳು ಬೆಳ್ಳಗಾಗುತ್ತದೆ, ಮೊಳಕೆಯ ಕಣ್ಣು ಉದುರುತ್ತದೆ, ನಾರೂ ಹೋಗುತ್ತದೆ. ಬೀಸುವ ಕಲ್ಲು, ಒನಕೆಗಳ ಕಾಲದಲ್ಲಿ ತೌಡು ಇಷ್ಟು ಸಲೀಸಾಗಿ ಕಳೆದುಹೋಗುತ್ತಿರಲಿಲ್ಲ.

ಓಟ್ಸ್‌ನೊಂದಿಗೆ ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಅದೂ ಸಿಪ್ಪೆಯ ಧಾನ್ಯವೇ. ಬೇಯಲು ಕತ್ತರಿಸಿದ ನುಚ್ಚಿಗೆ ಇಪ್ಪತ್ತು-ಮೂವತ್ತು ನಿಮಿಷ, ಹಬೆಯಲ್ಲಿಟ್ಟು ಒತ್ತಿದ ಅವಲಕ್ಕಿಯಂಥ ಬಗೆಗೆ ಐದು-ಹತ್ತು ನಿಮಿಷ, ತೆಳ್ಳಗೆ ಒತ್ತಿದ ದಿಢೀರ್ ಬಗೆಗೆ ಒಂದೆರಡು ನಿಮಿಷ ಸಾಕು. ಧಾನ್ಯ ಒಂದೇ, ಕಾರ್ಖಾನೆಯ ಸಂಸ್ಕರಣೆ ಬೇರೆ. ಇನ್ನೂ ಮುಖ್ಯವಾದ ವ್ಯತ್ಯಾಸವೊಂದಿದೆ: ಓಟ್ಸ್‌ನ ಕೊಬ್ಬು ಕೆಡದಂತೆ ಅದನ್ನು ಮೊದಲೇ ಹಬೆಯಲ್ಲಿ ಕಾಯಿಸಿರುತ್ತಾರೆ. ನಮ್ಮ ಪಾಲಿಶ್ ಮಾಡದ ಕೊರಲೆ ಅಕ್ಕಿಗೆ ಸಾಮಾನ್ಯವಾಗಿ ಆ ಉಪಚಾರವಿಲ್ಲ. ತೌಡಿನ ಎಣ್ಣೆ ಗಾಳಿಗೆ ತೆರೆದು ಕೆಲವೇ ತಿಂಗಳಲ್ಲಿ ಕಮಟು ಹಿಡಿಯುತ್ತದೆ. ಸಿಪ್ಪೆಯಿರುವ ಕಾಳು ಮಾತ್ರ ವರ್ಷಗಟ್ಟಲೆ ಕೆಡದು. ರೈತ ಮನೆಗಳಲ್ಲಿ ಕಾಳನ್ನು ಸಿಪ್ಪೆ ಸಮೇತ ಇಟ್ಟು, ಬೇಕಾದಾಗ ಬೇಕಾದಷ್ಟೇ ಅಕ್ಕಿ ಮಾಡಿಕೊಳ್ಳುವುದಕ್ಕೆ ಇಷ್ಟು ಗಟ್ಟಿಯಾದ ಆಧಾರವಿದೆ.

ಇನ್ನು ಅಡುಗೆ. ತೌಡು ಉಳಿದ ಹಸಿರು ಛಾಯೆಯ ಅಕ್ಕಿಯಾದರೆ ಮೊದಲು ಜಾಲಿಸಬೇಕು: ಕಲ್ಲು ತಳಕ್ಕಿಳಿಯುತ್ತದೆ, ಜೊಳ್ಳು ಮೇಲೆ ತೇಲುತ್ತದೆ. ಸಿಪ್ಪೆ ಬಿಡದ ಕಾಳು ಉಳಿದಿದ್ದರೆ ಆರಿಸಿ ತೆಗೆಯಲೇಬೇಕು; ಹಲ್ಲಿಗೆ ಸಿಗುವುದು ಅದೇ. ಆಮೇಲೆ ಕನಿಷ್ಠ ಎರಡು ಗಂಟೆ ನೆನೆಸಿಡಿ, ರಾತ್ರಿಯಿಡೀ ಆದರೆ ಇನ್ನೂ ಒಳ್ಳೆಯದು. ಒಂದು ಪಾವಿಗೆ ಮೂರು ಪಾವು ನೀರು, ಸಣ್ಣ ಉರಿ, ಬೆಂದ ಮೇಲೆ ಹತ್ತು ನಿಮಿಷ ಮುಚ್ಚಿದ ಪಾತ್ರೆ. ಪಾಲಿಶ್ ಆದ ಬಿಳಿ ಅಕ್ಕಿಗೂ ಇಷ್ಟೇ ನೀರು ಹಾಕಿ ಇಷ್ಟೇ ಹೊತ್ತು ನೆನೆಸಿದರೆ ಅದು ಅಂಟಾಗುವುದು ಖಂಡಿತ. ಅದಕ್ಕೆ ಎರಡು ಪಾವಿನ ಆಸುಪಾಸು ನೀರು, ಅರ್ಧ ಗಂಟೆಯ ನೆನೆಸುವಿಕೆ ಸಾಕು. ಕೊರಲೆ ರವೆಯನ್ನು ನೆನೆಸದೆ ಹುರಿದು ಉಪ್ಪಿಟ್ಟಿಗೆ ಬಳಸಬಹುದು.

ಹುಣಸೆ ಮರಗಳ ನೆರಳಿನಲ್ಲೂ ಬೆಳೆದು ಮೂರು ತಿಂಗಳೊಳಗೆ ಕೈಗೆ ಬರುವ ಬೆಳೆ ಇದು. ಶೇಂಗಾ ಹೊಲಗಳು ಹಬ್ಬಿದ ಮೇಲೂ ಅಂಚುಗಳಲ್ಲಿ ಉಳಿದುಕೊಂಡಿತು. ರಾಜ್ಯ ಸರ್ಕಾರದ ‘ರೈತ ಸಿರಿ’ ಯೋಜನೆ ಸಿರಿಧಾನ್ಯ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಘೋಷಿಸಿತು. ಬೆಳೆಗೆ ಕೊಟ್ಟ ಗಮನ ಗಿರಣಿಗೂ ಸಿಗಬೇಕು. ಪೊಟ್ಟಣದ ಮೇಲೆ ಧಾನ್ಯದ ಹೆಸರಷ್ಟೇ ಸಾಲದು. ಪಾಲಿಶ್ ಆಗಿದೆಯೇ ಇಲ್ಲವೇ, ಸಿಪ್ಪೆ ಬಿಡಿಸಿದ ದಿನಾಂಕ ಯಾವುದು ಎಂಬುದನ್ನೂ ಮುದ್ರಿಸಬೇಕು. ಕೊಳ್ಳುವವರು ಇವೆರಡನ್ನೂ ಕೇಳಿಯೇ ಕೊಳ್ಳಿ.