ನಿಂತುಹೋದ ಸಂಘದ ಪುಸ್ತಕ

ನಿಮ್ಮ ಧರ್ಮಕೇಂದ್ರದ ಕಪಾಟಿನಲ್ಲಿ ಹಳೆಯದೊಂದು ನಡಾವಳಿ ಪುಸ್ತಕ ಇದ್ದೇ ಇರಬೇಕು. ಮೊದಲ ಪುಟಗಳಲ್ಲಿ ದುಂಡನೆಯ ಅಕ್ಷರ, ಹಾಜರಿದ್ದವರ ಉದ್ದನೆಯ ಪಟ್ಟಿ, ಒಂದರ ಮೇಲೊಂದು ಠರಾವು. ನಡುವಿಗೆ ಬರುವಷ್ಟರಲ್ಲಿ ಸಹಿಗಳು ವಿರಳ. ಆಮೇಲೆ ಬರಿಯ ಬಿಳಿ ಹಾಳೆ. ಓಣಿಯವರು ಕೂಡಿ ಕಟ್ಟಿದ ಸಂಘಗಳು ಬಹುಮಟ್ಟಿಗೆ ಹೀಗೆಯೇ, ಜಗಳವೂ ಇಲ್ಲದೆ, ನಿಂತುಹೋಗುತ್ತವೆ. ಅಂಥದನ್ನು ಮತ್ತೆ ಎಬ್ಬಿಸುವುದು ಹೇಗೆಂದು ಯೋಚಿಸುವಾಗಲೆಲ್ಲ ನನಗೆ ಗದಗ ತಾಲ್ಲೂಕಿನ ಕಣಗಿನಹಾಳ ನೆನಪಾಗುತ್ತದೆ.

1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆ ಗ್ರಾಮದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಈ ಬಗೆಯ ಸಂಘಗಳಲ್ಲಿ ಏಷ್ಯಾ ಖಂಡಕ್ಕೇ ಮೊದಲನೆಯದೆಂಬ ಹೆಸರು ಅದಕ್ಕಿದೆ. 1876-78ರ ಮಹಾಕ್ಷಾಮವನ್ನೂ ಶತಮಾನದ ಕೊನೆಯಲ್ಲಿ ಬೆನ್ನುಬೆನ್ನಿಗೆ ಬಂದ ಎರಡು ಬರಗಳನ್ನೂ ಕಂಡಿದ್ದ ನಾಡು ಇದು. ಬಿತ್ತನೆಗೆ ಸಾಲ, ಆ ಸಾಲದ ಬಡ್ಡಿಗೆ ಮತ್ತೊಂದು ಸಾಲ. ಹಿಂದಿನ ವರ್ಷ, ಅಂದರೆ 1904ರಲ್ಲಿ, ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದಿತ್ತು. ಅದು ಬ್ರಿಟಿಷ್ ಪ್ರಾಂತ್ಯದ ಕಾನೂನು. ಆಗ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಇಂದು ಒಂದೇ ಜಿಲ್ಲೆಯೆನ್ನುವ ನಮ್ಮ ನೆರೆಹೊರೆ ಅಂದು ಮೂರು ಆಡಳಿತಗಳಿಗೆ ಹಂಚಿಹೋಗಿತ್ತೆಂಬುದನ್ನು ನಾವು ಮರೆತಿದ್ದೇವೆ.

ಆ ಕಾಯಿದೆಯ ಎರಡು ಅಂಶಗಳನ್ನು ಗಮನಿಸಿರಿ. ಹದಿನೆಂಟು ವರ್ಷ ಮೀರಿದ ಹತ್ತು ಜನ ಕೂಡಿದರೆ ಸಂಘ ಕಟ್ಟಬಹುದು. ಆದರೆ ಸಾಮಾನ್ಯವಾಗಿ ಅವರು ಒಂದೇ ಊರಿನ ಅಥವಾ ಅಕ್ಕಪಕ್ಕದ ಊರುಗಳ ಜನರಾಗಿರಬೇಕು. ಎರಡನೆಯದಾಗಿ, ಹಳ್ಳಿಯ ಸಂಘದಲ್ಲಿ ಹೊಣೆಗೆ ಮಿತಿಯಿಲ್ಲ. ಸಂಘ ಮುಳುಗಿದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಸ್ವಂತ ಆಸ್ತಿಯಿಂದ ಅದರ ಋಣ ತೀರಿಸಬೇಕು. ಕೇಳಲು ಭಯವಾಗುತ್ತದೆ, ನಿಜ. ಆದರೆ ಇಂಥ ಹೊಣೆಯನ್ನು ಹೊರಬಲ್ಲವರು ಯಾರು? ಯಾರ ಹೊಲ ಎಷ್ಟು, ಯಾರ ಮಾತು ಗಟ್ಟಿ, ಯಾರ ಮನೆಯಲ್ಲಿ ಈ ವರ್ಷ ಕಾಯಿಲೆ ಎಂದು ಬಲ್ಲ ನೆರೆಯವರು ಮಾತ್ರ. ಮುಯ್ಯಾಳಿನ ಪದ್ಧತಿಯಲ್ಲಿ ಒಬ್ಬರ ಹೊಲಕ್ಕೊಬ್ಬರು ದುಡಿಯುತ್ತಿದ್ದ ಒಕ್ಕಲಿಗರಿಗೆ ಈ ವಿಚಾರ ಪೂರ್ತಿ ಹೊಸದಾಗಿರಲಿಲ್ಲ.

ಈ ನಿಯಮಗಳ ಬೇರು ಜರ್ಮನಿಯಲ್ಲಿದೆ. ಫ್ರೀಡ್ರಿಷ್ ವಿಲ್‌ಹೆಲ್ಮ್ ರೈಫೈಸನ್ (1818-1888) ಎಂಬಾತ ಬಡ ಗುಡ್ಡಗಾಡಿನ ಹಳ್ಳಿಗಳ ಆಡಳಿತಗಾರ. ಪ್ರೊಟೆಸ್ಟಂಟ್ ಪಂಗಡದ ಶ್ರದ್ಧಾವಂತ ಕ್ರೈಸ್ತ. 1846-47ರ ಚಳಿಗಾಲದಲ್ಲಿ ಜನ ಹಸಿದಾಗ ಸ್ಥಿತಿವಂತರಿಂದ ಹಣ ಕೂಡಿಸಿ ಹಿಟ್ಟು ಒದಗಿಸಿದ, ಸಾರ್ವಜನಿಕ ಒಲೆ ಕಟ್ಟಿಸಿ ರೊಟ್ಟಿ ಸುಡಿಸಿದ. 1849ರಲ್ಲಿ ಫ್ಲಾಮರ್ಸ್‌ಫೆಲ್ಡ್‌ನಲ್ಲಿ ರೈತರಿಗೆ ದನ ಕೊಳ್ಳಲು ನೆರವಾಗುವ ಸಂಘ, 1854ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಧರ್ಮಾರ್ಥ ಸಂಘ. ಎಲ್ಲದಕ್ಕೂ ಉಳ್ಳವರ ಔದಾರ್ಯವೇ ಆಧಾರ. ಕೆಲವು ವರ್ಷಗಳಲ್ಲಿ ಅವರ ಉತ್ಸಾಹ ಆರಿತು. ಅವರನ್ನು ದೂರುವುದು ಸರಿಯಲ್ಲ. ತನ್ನ ಮನೆಗೆ ಮರಳಿ ಏನೂ ಬಾರದ ಕೆಲಸವನ್ನು ಮನುಷ್ಯ ಎಷ್ಟು ಕಾಲ ಮಾಡಿಯಾನು? 1864ರಲ್ಲಿ ರೈಫೈಸನ್ ಸಂಘವನ್ನು ಬುಡದಿಂದ ಪುನಃ ಕಟ್ಟಿದ. ಈ ಬಾರಿ ಸಾಲ ಬೇಕಾದವರೇ ಸದಸ್ಯರು, ಅವರೇ ಒಬ್ಬರಿಗೊಬ್ಬರು ಜಾಮೀನು. ಸಂಘದ ವ್ಯಾಪ್ತಿ ಆದಷ್ಟು ಮಟ್ಟಿಗೆ ಒಂದು ಧರ್ಮಕೇಂದ್ರದ ಎಲ್ಲೆಯನ್ನು ಮೀರಬಾರದೆಂಬುದು ಅವನ ಆಶಯ. ಮದರಾಸು ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ 1890ರ ದಶಕದಲ್ಲಿ ಬರೆದ ದೊಡ್ಡ ವರದಿಯ ಸಾರವೂ ಇಷ್ಟೇ: ರೈಫೈಸನ್‌ನಂಥವನು ಬೇಕು.

ಆದಿ ಧರ್ಮಸಭೆಯಲ್ಲಿಯೂ ಇಂಥದೇ ಬಿಕ್ಕಟ್ಟು ಒದಗಿತ್ತು. ದಿನದ ಅನ್ನ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಭಾಷೆಯವರು ಗೊಣಗಿದ ಪ್ರಸಂಗ ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದಲ್ಲಿದೆ. ಪ್ರೇಷಿತರು ಹಂಚಿಕೆಯನ್ನು ತಾವೇ ಬಿಗಿಯಾಗಿ ಹಿಡಿಯಲಿಲ್ಲ. ಏಳು ಮಂದಿಯನ್ನು ನೀವೇ ಆರಿಸಿರಿ ಎಂದರು. ಆಯ್ಕೆಯಾದ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಗೊಣಗಿದವರ ಕೈಗೇ ಉಗ್ರಾಣದ ಬೀಗದ ಕೈ ಹೋಯಿತೆಂದು ತೋರುತ್ತದೆ! ಗುರುಮಠದ ವಿದ್ಯಾರ್ಥಿಯಾಗಿ ಈ ಅಧ್ಯಾಯವನ್ನು ಅನೇಕ ಬಾರಿ ಓದಿದ್ದರೂ ಆ ಹೆಸರುಗಳ ಮೇಲೆ ನನ್ನ ಕಣ್ಣು ನಿಂತಿರಲಿಲ್ಲ.

ನಮ್ಮ ಧರ್ಮಸಭೆಯ ಗುರುಗಳೂ ಈ ಹಾದಿ ಹಿಡಿದಿದ್ದಾರೆ. ಯೇಸುಸಭೆಯ ಫಾದರ್ ಜಾನ್ ಬ್ಯಾಪ್ಟಿಸ್ಟ್ ಹಾಫ್‌ಮನ್ 1909ರಲ್ಲಿ ಛೋಟಾನಾಗಪುರದ ಆದಿವಾಸಿಗಳಿಗಾಗಿ ಕಥೋಲಿಕ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಜರ್ಮನ್ ಮೂಲದವರಾದ ಕಾರಣ ಮೊದಲ ಮಹಾಯುದ್ಧದ ಕಾಲದಲ್ಲಿ ಅವರು ಭಾರತ ಬಿಡಬೇಕಾಯಿತು. ಕಟ್ಟಿದವರು ಹೋದರು, ಸಂಘ ಉಳಿಯಿತು.

ನನ್ನ ಅನುಭವ ಇದಕ್ಕೆ ತಿರುಗುಮುರುಗು. ಎರಡು ಸಾವಿರದ ಆರಂಭದ ವರ್ಷಗಳಲ್ಲಿ ಉತ್ತರ ಕರ್ನಾಟಕ ಸತತ ಬರ ಕಂಡಾಗ ನಾನೊಂದು ಚಿಕ್ಕ ಧರ್ಮಕೇಂದ್ರದಲ್ಲಿದ್ದೆ. ಅಲ್ಲಿಯ ತಾಯಂದಿರು ತಿಂಗಳಿಗಿಷ್ಟೆಂದು ಕೂಡಿಸಿ ಒಂದು ಉಳಿತಾಯ ಸಂಘ ನಡೆಸುತ್ತಿದ್ದರು. ಮಳೆಗಾಲಕ್ಕೆ ಮುನ್ನ ಜೋಳವನ್ನು ಒಟ್ಟಿಗೆ ಕೊಂಡು ಹಂಚಿಕೊಳ್ಳುತ್ತಿದ್ದರು. ನಾನು ಹೊರಗಿನಿಂದ ಅಕ್ಕಿ, ಎಣ್ಣೆ ತರಿಸಿ ಉಚಿತವಾಗಿ ಹಂಚಿದೆ. ಹಸಿದವರಿಗೆ ಅನ್ನ ಬೇಕಿತ್ತು, ಅದಕ್ಕಾಗಿ ಪಶ್ಚಾತ್ತಾಪವಿಲ್ಲ. ಆದರೆ ಹಂಚಿಕೆಯ ಪಟ್ಟಿಯನ್ನು ನಾನೊಬ್ಬನೇ ಬರೆದೆ. ಸಂಘವನ್ನು ಒಂದು ಮಾತೂ ಕೇಳಲಿಲ್ಲ. ಮೂರು ತಿಂಗಳಲ್ಲಿ ಅವರ ಸಭೆ ನಿಂತಿತು. ಯಾಕೆಂದು ಕೇಳಿದಾಗ ಒಬ್ಬ ಹಿರಿಯ ತಾಯಿ, "ಎಲ್ಲಾ ನೀವ ಮಾಡ್ತೀರಲ್ರೀ ಫಾದರ್, ನಾವು ಕುಂತು ಏನ್ ಮಾಡೋಣ್ರಿ?" ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು.

ಮತ್ತೆ ಕಟ್ಟಲು ಎರಡು ವರ್ಷ ಹಿಡಿಯಿತು. ನಾನು ಊರಿನಲ್ಲಿ ಮುಖಂಡರೆನಿಸಿದವರನ್ನು ಕರೆದೆ. ಅವರು ಬಂದು ಚಹಾ ಕುಡಿದು ಹೋದರು. ಕೊನೆಗೆ ಹಳೆಯ ಪುಸ್ತಕ ಹಿಡಿದು ಸಂಜೆಯ ಹೊತ್ತು ಮನೆಮನೆಗೆ ಹೋದೆ, ಸದಸ್ಯರ ಹೆಸರನ್ನು ಓದಿ ಹೇಳಿದೆ. ಯಾರ ಹಣ ಎಷ್ಟು ಉಳಿದಿದೆ, ಯಾರು ಎಷ್ಟು ಕೊಡಬೇಕು ಎಂಬುದನ್ನು ಎಲ್ಲರೆದುರು ಓದುವುದಾದರೆ ಬರುತ್ತೇವೆ ಎಂದರು. ಮೊದಲ ಸಭೆಗೆ ಬಂದವರು ಒಂಬತ್ತು ಮಂದಿ. ಸಾಲ ಬಾಕಿಯಿದ್ದ ಇಬ್ಬರು ತಾವಾಗಿಯೇ ಎದ್ದು ಕಂತು ಗೊತ್ತುಮಾಡಿಕೊಂಡರು. ಪೆಟ್ಟಿಗೆಯನ್ನು ಗುರುನಿವಾಸದಲ್ಲಿಯೇ ಇಡಿ ಎಂದು ನಾನು ಸೂಚಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಆ ಹಿರಿಯ ತಾಯಿಯೇ ಎದ್ದು, ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಮನೆಯಲ್ಲಿ, ಪುಸ್ತಕ ಮೂರನೆಯವರ ಮನೆಯಲ್ಲಿ ಇರಲೆಂದು ಠರಾವು ಬರೆಯಿಸಿದರು. ಬಿಳಿ ಹಾಳೆಗಳ ಸಾಲಿನಲ್ಲಿ ಮೊದಲು ತುಂಬಿದ್ದು ಆ ಪುಟ.